ಪುರಾಣಿಕರ ಮಗ ಕಟ್ಟಿದ ಪೆಟ್ಟಿಗೆಗಳು

"ಸರಿಯಾದದ್ದನ್ನು ಸರಿಯಾಗಿಯೇ ಹೇಳಿದರೂ ಜನರಿಗೆ ತಲುಪದಿದ್ದರೆ ತಪ್ಪು ಯಾರದು, ಗುರುಗಳೇ?"

ಕೇಳಿದವನು ಸಂಗನಬಸವ. ತತ್ತ್ವಶಾಸ್ತ್ರದಲ್ಲಿ ಪದವಿ ಪಡೆದವನು. ವಾರಕ್ಕೊಮ್ಮೆ ನೇಕಾರರ ಓಣಿಯಲ್ಲಿ ಉಪನ್ಯಾಸ ಮಾಡುತ್ತಿದ್ದ. ಮೊದಲ ವಾರ ನಲವತ್ತು ಜನ ಬಂದಿದ್ದರು. ಈ ವಾರ ಬಂದವರು ಆರು. ಆ ಆರರಲ್ಲಿ ಇಬ್ಬರು ನಿದ್ದೆಹೋದರು. ಅವನ ಪ್ರಶ್ನೆಯಲ್ಲಿ ವಿನಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಗುರು ಅಡವಯ್ಯನವರು ಓದುತ್ತಿದ್ದ ಪುಸ್ತಕವನ್ನು ಮುಚ್ಚಿಟ್ಟರು. "ಒಂದು ಸಂಗತಿ ಹೇಳುತ್ತೇನೆ. ಮೊದಲು ವಿವರಗಳನ್ನು ಕೇಳಿಕೊ" ಎಂದರು.

ಪೆಟ್ಟಿಗೆಗಳು ಎರಡು. ಕಟ್ಟಿದವನು ಒಬ್ಬ. ಅವನ ಕಸುಬು ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತುವುದು. ಪೆಟ್ಟಿಗೆ ಕಟ್ಟಲು ಹಿಡಿದ ಕಾಲ ಹನ್ನೊಂದು ತಿಂಗಳು. ಪ್ರತಿ ಪೆಟ್ಟಿಗೆಯಲ್ಲಿ ಕೆಳಗೊಂದು ದೊಡ್ಡ ಸ್ಪೀಕರ್, ಅದರ ಮೇಲೊಂದು ಚಿಕ್ಕದು. ದೊಡ್ಡದು ತಗ್ಗಿನ ಸ್ವರಕ್ಕೆ. ಟ್ವೀಟರ್ ಎಂದು ಕರೆಯುವ ಚಿಕ್ಕದು ಏರಿನ ಸ್ವರಕ್ಕೆ. ಸ್ವರಗಳನ್ನು ಇವೆರಡಕ್ಕೂ ಹಂಚಿಕೊಡುವುದು ಒಳಗಿರುವ ಕ್ರಾಸ್‌ಓವರ್: ಒಂದು ತಂತಿಯ ಸುರುಳಿ, ಒಂದು ಕೆಪಾಸಿಟರ್, ಒಂದು ರೆಸಿಸ್ಟರ್. ರೆಸಿಸ್ಟರ್ ಹೆಚ್ಚಿದಷ್ಟೂ ಟ್ವೀಟರಿನ ಸದ್ದು ತಗ್ಗುತ್ತದೆ. ಅವನು ಹಾಕಿದ್ದು ನಾಲ್ಕು ಓಮ್ ಅಳತೆಯದು. ಆ ಪೆಟ್ಟಿಗೆಗಳಿಂದ ಹೊರಡಬೇಕಾಗಿದ್ದ ಧ್ವನಿ ಒಂದೇ, ತೀರಿಕೊಂಡ ಪುರಾಣಿಕರದು. ಪುರಾಣಿಕರು ಅವನ ತಂದೆ.

ಅವರ ಊರಿನ ಸಮುದಾಯ ಭವನದಲ್ಲಿ ಶ್ರಾವಣ ತಿಂಗಳಿಡೀ ಬೆಳಿಗ್ಗೆ ಪುರಾಣ ನಡೆಯುತ್ತಿತ್ತು. ಮೂವತ್ತು ವರ್ಷ ಅವರೇ ಹೇಳಿದರು. ಅವರು ತೀರಿಕೊಂಡ ಮೇಲೆ ಜನ ಬೇರೆ ಪುರಾಣಿಕರನ್ನು ಕರೆಸಲು ಒಪ್ಪಲಿಲ್ಲ. ಅವರ ಕ್ಯಾಸೆಟ್ಟುಗಳನ್ನೇ ಹಾಕತೊಡಗಿದರು. ಎರಡು ವರ್ಷ ಆ ಧ್ವನಿ ಕಹಳೆಯಾಕಾರದ ತಗಡಿನ ಸ್ಪೀಕರಿನಲ್ಲಿ ಕಿರುಚಿತು. ಮಗನಿಗೆ ಕೇಳಿಸಿಕೊಳ್ಳಲಾಗಲಿಲ್ಲ. ಮೂರನೆಯ ಶ್ರಾವಣಕ್ಕೆ ತಾನೇ ಪೆಟ್ಟಿಗೆ ಕಟ್ಟಿ ತಂದ.

ಮನೆಯಲ್ಲಿ ಅವನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಎದುರಿಗೆ ಸ್ಟೂಲಿನ ಮೇಲೆ ಕುಳಿತು ಶ್ರುತಿ ಹೊಂದಿಸುವಂತೆ ಹೊಂದಿಸಿದ್ದ. ಟ್ವೀಟರ್ ಅವನ ಕಿವಿಯ ಎತ್ತರಕ್ಕೆ ಸರಿಸಮ ಇತ್ತು. ತಂದೆ ಉಸಿರೆಳೆದುಕೊಳ್ಳುವುದು ಕೇಳಿಸಿತು. ಪುಟ ತಿರುವುವುದು ಕೇಳಿಸಿತು. ಪ್ರತಿ ಅಕ್ಷರಕ್ಕೂ ಅಂಚು ಇತ್ತು. ಆ ದಿನ ಅವನು ಅತ್ತ. ಅದು ದುಃಖದ ಅಳುವಾಗಿರಲಿಲ್ಲ.

ಭವನದಲ್ಲಿ ಪೆಟ್ಟಿಗೆಗಳನ್ನು ಸೊಂಟದೆತ್ತರದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ. ಬಾಗಿಲ ಬಳಿ ನಿಂತು ಕೇಳಿದ. ಮನೆಯಲ್ಲಿ ಕೇಳಿಸಿದ್ದೇ ಇಲ್ಲಿಯೂ ಕೇಳಿಸಿತು. ಜನ ಬಂದರು. ಊರ ಹಿರಿಯರು ಐವರು ಹಿಂದಿನ ಗೋಡೆಗೆ ಹಾಕಿದ್ದ ಕುರ್ಚಿಗಳಲ್ಲಿ ಕುಳಿತರು. ಉಳಿದವರೆಲ್ಲ ಜಮಖಾನೆಯ ಮೇಲೆ.

ಪುರಾಣ ಮುಗಿದ ಮೇಲೆ ಜಮಖಾನೆಯಿಂದ ಒಬ್ಬ ಮುದುಕಿ ಎದ್ದು ಬಂದಳು. ಮೂವತ್ತು ವರ್ಷವೂ ಮುಂದಿನ ಸಾಲಿನಲ್ಲಿ ಕುಳಿತು ಪುರಾಣ ಕೇಳಿದವಳು.

"ತಮ್ಮಾ, ನಿಮ್ಮಪ್ಪ ಕಂಬಳಿ ಹೊತ್ಕೊಂಡು ಮಾತಾಡಿದಂಗ ಕೇಳ್ತದಲ್ಲೋ."

ಅವನು ವಾದಿಸಲಿಲ್ಲ. ಟ್ವೀಟರನ್ನು ಏರಿಸಿದರಾಯಿತು ಎಂದುಕೊಂಡ. ನಾಲ್ಕು ಓಮಿನ ರೆಸಿಸ್ಟರ್ ಬಿಚ್ಚಿ ಮೂರರದು ಹಾಕಿದ. ಮರುದಿನವೂ ಮುದುಕಿ ಇಲ್ಲವೆಂದು ತಲೆಯಾಡಿಸಿದಳು. ಎರಡರದು ಹಾಕಿದ. ಮತ್ತೆ ತಲೆಯಾಡಿಸಿದಳು. ಕೆಪಾಸಿಟರ್ ಬದಲಿಸಿ, ದೊಡ್ಡದರ ಪಾಲಿನ ಸ್ವರವನ್ನೂ ಒಂದಿಷ್ಟು ಟ್ವೀಟರಿಗೆ ಕೊಟ್ಟ. ಈಗ ಬಾಗಿಲ ಬಳಿ ನಿಂತರೆ ಅವನಿಗೇ ಕಿವಿ ಚುರುಗುಟ್ಟುತ್ತಿತ್ತು. ಜನರಿಗೆ ಬೇಕಾದದ್ದು ಇದೇ ಇರಬೇಕು ಎಂದು ಸಹಿಸಿಕೊಂಡ.

ಆ ದಿನ ಹಿರಿಯರಲ್ಲೊಬ್ಬರು ಕುರ್ಚಿಯಿಂದ ಕೈ ಎತ್ತಿ ಅವನನ್ನು ಕರೆದರು.

"ನಿಮ್ಮಪ್ಪಾರು ಇಷ್ಟು ಒರಟಾಗಿ ಎಂದೂ ಮಾತಾಡಿದವರಲ್ಲ. ಕಿವ್ಯಾಗ ಸೂಜಿ ಚುಚ್ಚಿದಂಗ ಆಗ್ತದ. ಸೋಮವಾರ ಕಡೀ ದಿನ ನೋಡಪಾ. ಸರಿಹೋಗಲಿಲ್ಲ ಅಂದ್ರ ನಿನ್ನ ಪೆಟಗಿ ಮನೀಗೆ ಒಯ್ಯಿ. ಹಳೇ ಕಹಳೀನ ಕಟ್ಟತೀವಿ."

ಮುದುಕಿ ಅಲ್ಲಿಯೇ ಇದ್ದಳು. "ಸೂಜಿ ಎಲ್ಲೀದು? ಇನ್ನೂ ಕಂಬಳೀನ ತಗದಿಲ್ಲ ಅಂವ" ಎಂದಳು.

ಒಂದೇ ಭವನ, ಒಂದೇ ಕ್ಯಾಸೆಟ್ಟು, ಒಂದೇ ಬೆಳಿಗ್ಗೆ. ಒಬ್ಬರಿಗೆ ಸೂಜಿ, ಒಬ್ಬಳಿಗೆ ಕಂಬಳಿ. ಅವನು ಒಂದು ತೀರ್ಮಾನಕ್ಕೆ ಬಂದ. ಈ ಜನಕ್ಕೆ ಕಿವಿಯಿಲ್ಲ. ಮೂವತ್ತು ವರ್ಷ ಅಪ್ಪ ಗೋಡೆಗಳಿಗೆ ಪುರಾಣ ಹೇಳಿದ. ಹನ್ನೊಂದು ತಿಂಗಳು ತಾನು ಗೋಡೆಗಳಿಗಾಗಿ ಪೆಟ್ಟಿಗೆ ಕಟ್ಟಿದೆ.

ಆದರೂ ಸೋಮವಾರ ನಸುಕಿನಲ್ಲೇ ಬಂದ. ಸೋಲುವುದಾದರೆ ಎಲ್ಲವನ್ನೂ ಮಾಡಿಯೇ ಸೋಲಬೇಕೆಂಬ ಹಟ. ರೆಸಿಸ್ಟರನ್ನು ತೆಗೆದೇಬಿಟ್ಟು ನೇರ ತಂತಿಯನ್ನು ಬೆಸೆದ. ಚಹಾ ಕೂಡ ಕುಡಿದಿರಲಿಲ್ಲ. ಪುರಾಣ ನಡೆಯಿತು. ಕುರ್ಚಿಗಳಲ್ಲಿದ್ದವರು ಕಿವಿಗೆ ಕೈ ಅಡ್ಡ ಹಿಡಿದರು. ಜಮಖಾನೆಯಲ್ಲಿದ್ದವರು ತಲೆ ತಗ್ಗಿಸಿ ಕುಳಿತರು. ಕಹಳೆಯನ್ನು ಇಳಿಸಿ ತರಲು ಹಿರಿಯರು ಒಬ್ಬನನ್ನು ಅಟ್ಟಕ್ಕೆ ಹತ್ತಿಸಿದರು.

ಸೋಮವಾರಗಳಂದು ಪುರಾಣದ ಬಳಿಕ ಅಲ್ಲಿ ಉಪ್ಪಿಟ್ಟಿನ ಪಂಕ್ತಿ. ಉಣ್ಣುವಾಗಲೂ ಕ್ಯಾಸೆಟ್ಟು ನಿಲ್ಲಿಸುತ್ತಿರಲಿಲ್ಲ. ಮುದುಕಿ ಬಡಿಸುತ್ತ ಬಂದಳು. ಅವನು ನಿಂತೇ ಕೈಯೊಡ್ಡಿದ.

"ಕುಂದ್ರು" ಎಂದಳು.

"ಇಲ್ಲೇ ಒಂದೀಟು ಕೊಡವ್ವ, ನಿಂತ ತಿಂತೀನಿ."

"ನಿಂತು ತಿನ್ನಾಕ ಇದೇನು ಬಸ್‌ಸ್ಟ್ಯಾಂಡ? ನಿಂತವರಿಗೆ ನಾವು ನೀಡಂಗಿಲ್ಲ. ಕುಂದ್ರತೀಯೋ, ಮುಂದ ಹೋಗಲೋ?"

ಅವನು ಸಾಲಿನಲ್ಲಿ ಕುಳಿತ. ಎಲೆ ಬಂತು, ಉಪ್ಪಿಟ್ಟು ಬಂತು. ಮೊದಲ ತುತ್ತು ಬಾಯಿಗಿಟ್ಟ. ಕೈ ಅಲ್ಲಿಯೇ ನಿಂತಿತು.

ತಂದೆಯ ಧ್ವನಿ ಇತ್ತು, ಮಾತು ಇರಲಿಲ್ಲ. ಅಕ್ಷರಗಳ ಅಂಚುಗಳೆಲ್ಲ ಕರಗಿಹೋಗಿದ್ದವು. ಮಂಡಿಯೂರಿ ಮೇಲೆದ್ದ. ಅಂಚುಗಳು ಮರಳಿದವು. ಕುಳಿತ. ಹೋದವು. ಮತ್ತೆ ಎದ್ದ, ಮತ್ತೆ ಕುಳಿತ.

"ಇರುವಿ ಕಡೀತೇನೋ?" ಎಂದಳು ಮುದುಕಿ. ಸಾಲೆಲ್ಲ ನಕ್ಕಿತು. ಅವನೂ ನಕ್ಕ.

ಕಾರಣ ಅವನಿಗೆ ತಿಳಿಯಿತು. ಒಂದೇ ಪೆಟ್ಟಿಗೆಯ ದೊಡ್ಡ, ಚಿಕ್ಕ ಸ್ಪೀಕರುಗಳ ಸ್ವರಗಳು ಒಂದೆಡೆ ಸೇರುತ್ತವೆ. ಆ ಸಂಧಿಯ ಸ್ವರಗಳನ್ನು ಎರಡೂ ನುಡಿಯುತ್ತವೆ. ಆ ಎರಡೂ ಸ್ಪೀಕರುಗಳು ಕಿವಿಗೆ ಸಮ ದೂರದಲ್ಲಿದ್ದರೆ ಅವು ಕೂಡಿ ಕೇಳಿಸುತ್ತವೆ. ತೀರ ಕೆಳಗೆ ಕುಳಿತವನಿಗೆ ಮೇಲಿನದು ದೂರ, ಕೆಳಗಿನದು ಹತ್ತಿರ. ಒಂದರ ಸದ್ದು ತಡವಾಗಿ ಬಂದು ಇನ್ನೊಂದರ ಸದ್ದನ್ನು ಅಳಿಸಿಹಾಕುತ್ತದೆ. ಅಳಿದದ್ದು ಟ್ವೀಟರ್ ಏರಿಸಿದರೆ ತುಂಬಿಬರುವುದಿಲ್ಲ. ಏರಿಸಿದ್ದೆಲ್ಲ ಜಮಖಾನೆಯವರ ತಲೆಯ ಮೇಲೆ ಹಾದು ಕುರ್ಚಿಯವರ ಕಿವಿಗೆ ಬಡಿಯುತ್ತಿತ್ತು. ಇಬ್ಬರೂ ತಮಗೆ ಕೇಳಿಸಿದ್ದನ್ನೇ ಹೇಳಿದ್ದರು.

ಅವನು ಎಲೆಯಲ್ಲಿದ್ದದ್ದನ್ನು ಪೂರ್ತಿ ತಿಂದು ಎದ್ದ. ಹಳೆಯ ಕೆಪಾಸಿಟರನ್ನೂ ನಾಲ್ಕು ಓಮಿನ ರೆಸಿಸ್ಟರನ್ನೂ ಮೊದಲಿನಂತೆಯೇ ಬೆಸೆದ. ಪ್ರತಿ ಪೆಟ್ಟಿಗೆಯ ಹಿಂಬದಿಗೆ ಒಂದು ಮರದ ತುಂಡು ಕೊಟ್ಟು ಮುಖವನ್ನು ಜಮಖಾನೆಯತ್ತ ಬಾಗಿಸಿದ. ಮುಂದಕ್ಕೆ ಜಾರದಂತೆ ಹಗ್ಗದಿಂದ ಕಟ್ಟಿದ. ಕಹಳೆ ಅಟ್ಟದಿಂದ ಇಳಿದು ಬಾಗಿಲಿಗೆ ಬಂದಿತ್ತು. ಅವನು ಮುಂದಿನ ಸಾಲಿನಲ್ಲಿ ಮುದುಕಿಯ ಪಕ್ಕ ಕುಳಿತು ಕ್ಯಾಸೆಟ್ಟು ಹಾಕುವಂತೆ ಕೈಸನ್ನೆ ಮಾಡಿದ.

ಮುದುಕಿ ಕಣ್ಣು ಮುಚ್ಚಿದಳು. ಎರಡು ವಾಕ್ಯ ಕೇಳಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಬಂದ್ರು ನೋಡು, ಪುರಾಣಿಕರು" ಎಂದಳು.

ಕಹಳೆಯ ವಿಷಯವನ್ನು ಆಮೇಲೆ ಯಾರೂ ಎತ್ತಲಿಲ್ಲ. ಕುರ್ಚಿಗಳಲ್ಲಿದ್ದವರಿಗೆ ಧ್ವನಿ ತುಸು ಮಂಕಾಯಿತು. ಮರುದಿನ ಅವರಲ್ಲಿ ಇಬ್ಬರು ಜಮಖಾನೆಗೆ ಬಂದು ಕುಳಿತರು. ಜನ ಜರುಗಿ ಜಾಗ ಕೊಟ್ಟರು. ಆ ಶ್ರಾವಣ ಚೆನ್ನಾಗಿ ನಡೆಯಿತು.

ಅಡವಯ್ಯನವರು ಇಷ್ಟು ಹೇಳಿ ನಿಲ್ಲಿಸಿದರು.

ಸಂಗನಬಸವನ ಮುಖ ತಿಳಿಯಾಗಿತ್ತು. ಕತೆಯ ಸಾರ ತನಗೆ ಸಿಕ್ಕಿತೆಂಬ ನೆಮ್ಮದಿ ಅದರಲ್ಲಿತ್ತು.

"ಅರ್ಥವಾಯಿತು, ಗುರುಗಳೇ. ತಿಳಿದವನು ಜನರ ಮಟ್ಟಕ್ಕೆ ಇಳಿದು ಬರಬೇಕು."

"ಅವನು ಇಳಿದು ಬಂದದ್ದಲ್ಲಪ್ಪ, ಅವನಿಗೆ ಹಸಿವಾಗಿತ್ತು" ಎಂದರು ಗುರುಗಳು.



ಇದನ್ನು ಓದಿದವರು, ಓದು ಬಾರದ ಒಬ್ಬರಿಗಾದರೂ ಇದನ್ನು ಹೇಳಬೇಕೆಂದು ಕೋರಿಕೆ.