ಕಪ್ಪೆಯ ತಲೆಗೆ ಬಿದ್ದ ಈಚಲು ಹಣ್ಣು

ಒಂದು ಕುರುಚಲು ಕಾಡು, ಕಾಡಿನ ನಡುವೆ ಒಂದು ಕೊಳ, ಕೊಳದ ಮೇಲೆ ಬಾಗಿದ ಒಂದು ಈಚಲು ಮರ. ಮಕ್ಕಳೇ, ಆ ಮರದ ತುಂಬಾ ಗೀಜಗ ಹಕ್ಕಿಗಳ ಸಂಸಾರ. ಕೆಳಗೆ, ನೀರಿನ ನಡುವಿನ ಕಲ್ಲಿನ ಮೇಲೆ, ದುಗ್ಗಜ್ಜ ಎಂಬ ಮುದಿ ಕಪ್ಪೆಯ ವಾಸ. ಮರದಿಂದ ಏನು ಬಿದ್ದರೂ ಅವನ ತಲೆಗೇ ಬೀಳುತ್ತಿತ್ತು.

ಗೀಜಗಗಳಲ್ಲಿ ಗೂಡು ನೇಯುವುದು ಗಂಡು ಹಕ್ಕಿ. ಆದರೆ ಅದು ಒಂದೇ ಉಸಿರಿಗೆ ಮುಗಿಸುವುದಿಲ್ಲ, ಅರ್ಧ ನೇಯ್ದು ನಿಲ್ಲಿಸುತ್ತದೆ. ಹೆಣ್ಣು ಹಕ್ಕಿ ಬಂದು ಅದರಲ್ಲಿ ಕೂತು, ಜೀಕಿ, ನಾರು ಎಳೆದು ನೋಡುತ್ತದೆ. ಅದು ಒಪ್ಪಿದ ಮೇಲೆಯೇ ಉಳಿದರ್ಧ.

ನೂಲ ಎಂಬ ಎಳೆಯ ಗೀಜಗನಿಗೆ ಈ ಪದ್ಧತಿ ಹಿಡಿಸುತ್ತಿರಲಿಲ್ಲ. ಹೋದ ಮಳೆಗಾಲವನ್ನು ಅವನು ಒಬ್ಬನೇ ಕಳೆದಿದ್ದ. ಪಕ್ಕದ ಗೂಡುಗಳ ಮರಿಗಳ ಸದ್ದು ಕೇಳಿ ಅವನಿಗೆ ಅಳುವೇ ಬಂದಿತ್ತು. ಈ ಸಲ ಸಂಪಿ ಎಂಬ ಹೆಣ್ಣು ಗೀಜಗನ ಮೇಲೆ ಅವನಿಗೆ ಮನಸ್ಸಾಗಿತ್ತು. ಅವಳಿಗೆ ಅರೆಬರೆ ಗೂಡು ತೋರಿಸುವುದೆಂದರೆ ಅವನಿಗೆ ಮೈಯೆಲ್ಲಾ ನಾಚಿಕೆ.

ಅದಕ್ಕೇ ಅವನು ಯಾರ ಕಣ್ಣಿಗೂ ಬೀಳದ, ಮರದ ಹಿಂಬದಿಯ ಈಚಲು ಗರಿಯೊಂದನ್ನು ಆರಿಸಿಕೊಂಡು ನೇಯತೊಡಗಿದ.

"ಏ ಮರಿ, ಸಂಪೀನ ಒಂದ್ಸಲ ಕರೆದು ಕೂರಿಸಿ ನೋಡೋ," ಎಂದ ಕೆಳಗಿನಿಂದ ದುಗ್ಗಜ್ಜ.

"ಪೂರ್ತಿ ಆಗ್ಲಿ ಅಜ್ಜಾ. ಆಮೇಲೆ ನೋಡು, ಬೆರಗಾಗಿ ಮಾತೇ ಆಡಲ್ಲ ಅವಳು."

"ಒಳಗಿರೋಳು ಅವಳು ತಾನೆ?"

"ನೇಯೋನು ನಾನು ತಾನೆ?" ಎಂದು ನೂಲ ಕೊಕ್ಕು ಕೊಂಕಿಸಿದ.

ಅಂತೂ ಗೂಡು ಮುಗಿಯಿತು. ಇಡೀ ಮರದಲ್ಲಿ ಅಷ್ಟು ನುಣುಪಾದ ಗೂಡಿಲ್ಲ, ಅಷ್ಟು ಉದ್ದನೆಯ ಬಾಗಿಲ ಕೊಳವೆಯಿಲ್ಲ. ನೂಲ ಹೆಮ್ಮೆಯಿಂದ ಬೀಗುತ್ತಾ ಸಂಪಿಯನ್ನು ಕರೆತಂದ.

"ಚೆಂದ ಇದೆ," ಎಂದಳು ಸಂಪಿ. ಒಳಗೆ ಹೋದಳು, ಹೊರಗೆ ಬಂದಳು. ಒಂದು ಈಚಲು ಹಣ್ಣು ಕಿತ್ತು ಮತ್ತೆ ಒಳಗೆ ಹೋಗಿ, ಮೊಟ್ಟೆಯಿಡುವ ಜಾಗದಲ್ಲಿಟ್ಟು ಬಂದಳು.

"ಇದೇನು?" ಎಂದ ನೂಲ.

"ಮೊಟ್ಟೆ ಅಂದ್ಕೋ. ಗಾಳಿ ಬರ್ಲಿ, ತಾಳು."

ಗಾಳಿ ಬಂತು. ಗೂಡು ತೂಗಿತು. ಹಣ್ಣು ಉರುಳಿತು, ಕೊಳವೆಯೊಳಗೆ ಜಾರಿತು, ಟಪ್ಪೆಂದು ದುಗ್ಗಜ್ಜನ ನೆತ್ತಿಗೆ ಬಡಿಯಿತು.

"ಅಯ್ಯಪ್ಪಾ!" ಎಂದ ದುಗ್ಗಜ್ಜ.

"ಮೊಟ್ಟೆ ಜಾಗಕ್ಕೂ ಕೊಳವೆಗೂ ನಡುವಿನ ಹೊಸ್ತಿಲು ತಗ್ಗಾಯ್ತು ನೂಲ," ಎಂದಳು ಸಂಪಿ ಮೆಲ್ಲಗೆ. "ಅರ್ಧ ನೇಯ್ದಾಗ್ಲೇ ಕರೆದಿದ್ರೆ ಕೂತು ಹೇಳ್ತಿದ್ದೆ. ಈಗ ಮಳೆ ಹತ್ರ ಬಂತು. ಬೇರೆ ಗೂಡು ನೋಡ್ಕೋತೀನಿ."

ನೂಲ ಆ ಹೊಸ್ತಿಲನ್ನು ಎತ್ತರಿಸಲು ಹೋದ. ಹಸಿಯಾಗಿದ್ದ ನಾರುಗಳೆಲ್ಲ ಅಷ್ಟರಲ್ಲಿ ಒಣಗಿದ್ದವು, ಎಳೆದರೆ ಪಟಪಟನೆ ಮುರಿದವು. ಅವನಿಗೆ ತುಂಬಾ ದುಃಖವಾಯಿತು. ಅಷ್ಟು ಚೆಂದದ ಗೂಡು, ಒಂದು ಹಣ್ಣನ್ನೂ ಹಿಡಿದಿಡಲಾರದು.

"ಅಳೋದಾದ್ರೆ ಬೇಗ ಅತ್ತು ಮುಗಿಸು. ಬಿಸಿಲಿರೋವಾಗ್ಲೇ ನಾರು ಸೀಳ್ಬೇಕು," ಎಂದ ದುಗ್ಗಜ್ಜ, ನೆತ್ತಿ ಸವರಿಕೊಳ್ಳುತ್ತಾ.

ನೂಲ ಮತ್ತೆ ಶುರುಮಾಡಿದ. ಈ ಸಲ ಎಲ್ಲರಿಗೂ ಕಾಣುವ ಮುಂದಿನ ಗರಿಯಲ್ಲೇ. ಬರೀ ಒಂದು ಬಳೆಯಷ್ಟು ನೇಯ್ದು, ನಾಚಿಕೆ ನುಂಗಿಕೊಂಡು ಸಂಪಿಯ ಬಳಿ ಹೋದ. "ಇನ್ನೂ ಏನೂ ಆಗಿಲ್ಲ. ಆದ್ರೂ ಒಂಚೂರು ಬಂದು ಕೂತು ನೋಡ್ತೀಯಾ?"

ಸಂಪಿಗೆ ಬೇರೆಲ್ಲೂ ಮನಸ್ಸು ನಿಂತಿರಲಿಲ್ಲ. ಬಂದಳು, ಕೂತಳು, ಜೀಕಿದಳು. "ಇಲ್ಲಿ ಎತ್ತರಿಸು," ಎಂದಳು. ನೂಲ ಎತ್ತರಿಸಿ, ಮೊಟ್ಟೆಯಿಡುವ ಜಾಗ ನೇಯ್ದು ಹಣ್ಣಿಟ್ಟ. ಟಪ್. ಇನ್ನಷ್ಟು ಎತ್ತರಿಸಿದ. ಮತ್ತೆ ಟಪ್. "ಗೂಡು ಹಗುರ, ಅದಕ್ಕೇ ಇಷ್ಟು ತೂಗ್ತಿದೆ," ಎಂದಳು ಸಂಪಿ. ನೂಲ ಕೊಳದ ದಂಡೆಯಿಂದ ಹಸಿಮಣ್ಣು ತಂದು ಒಳಗೋಡೆಗೆ ಮೆತ್ತಿದ. ಹಣ್ಣು ಬಿದ್ದಾಗಲೆಲ್ಲ ಅವನಿಗೆ ಗೂಡಿನ ಬಗ್ಗೆ ಒಂದು ಹೊಸ ವಿಷಯ ತಿಳಿಯುತ್ತಿತ್ತು. ಬರಬರುತ್ತಾ ಬೀಳುವುದೂ ಅವನಿಗೆ ಖುಷಿಯೇ ಆಯಿತು. ದುಗ್ಗಜ್ಜ ಮಾತ್ರ ತಲೆಯ ಮೇಲೊಂದು ತಾವರೆಲೆ ಹೊದ್ದುಕೊಂಡ.

ಕಡೆಗೊಂದು ಸಂಜೆ ಮೋಡ ಕವಿಯಿತು, ಬಿರುಗಾಳಿ ಬೀಸಿತು, ಮಳೆ ಸುರಿಯಿತು. ಮರವೆಲ್ಲಾ ಓಲಾಡಿತು. ದುಗ್ಗಜ್ಜ ಎಲೆಯಡಿ ಕಣ್ಣುಮುಚ್ಚಿ ಕಾದ, ಕಾದ. ಏನೂ ಬೀಳಲಿಲ್ಲ.

"ಏನೋ ಮರಿ, ಇವತ್ತು ಹಣ್ಣಿಲ್ವಾ?" ಎಂದು ಕೂಗಿದ.

"ಹಣ್ಣಲ್ಲ ಅಜ್ಜಾ, ಈಗ ಒಳಗಿರೋದು ಮೊಟ್ಟೆ," ಎಂದ ನೂಲ. ಅವನು ಖುಷಿಯಿಂದ ರೆಕ್ಕೆ ಬಡಿದ.

ದುಗ್ಗಜ್ಜ ತಲೆಯ ಮೇಲಿನ ಎಲೆಯನ್ನು ತೆಗೆದು ನೀರಿಗೆ ಬಿಟ್ಟ.

ನೀತಿ: ಕೆಲಸ ಅರ್ಧವಿರುವಾಗಲೇ ಅದನ್ನು ಬಳಸುವವರಿಗೆ ತೋರಿಸಿ ಪರೀಕ್ಷಿಸಬೇಕು, ತಿದ್ದಲು ಸಮಯವಿರುವಾಗ ಕಂಡ ತಪ್ಪು ನಮಗೆ ಪಾಠವಾಗುತ್ತದೆ.