ಮಡಿ ಹಿಡಿದ ಲ್ಯಾಪ್‌ಟಾಪು

ಹೊಳೆಯ ಎಡದಂಡೆಯ ಆಶ್ರಮದಲ್ಲಿ ನೀಲಾಂಬಿಕೆ ತಾಯಿಯ ಬಳಿ ವಿದ್ಯಾಧರ ಎಂಬ ಶಿಷ್ಯನಿದ್ದ. ಒಳಗೇನಿದೆ ಎಂದು ಕಾಣದ್ದನ್ನು ಮುಟ್ಟುವುದಿಲ್ಲ ಎಂಬುದು ಅವನ ವ್ರತ. ಅಡುಗೆಮನೆಗೆ ಅಂಗಡಿಯ ಸಾರಿನ ಪುಡಿ ಬಂದ ದಿನ ಅವನ ಊಟ ಬರೀ ಮಜ್ಜಿಗೆ ಅನ್ನ.

ತಾಯಿ ಅದಕ್ಕೆ ಏನೂ ಅಂದಿರಲಿಲ್ಲ. ಮಜ್ಜಿಗೆಗೆ ಉಪ್ಪು ಹಾಕಿ ಕೊಡುತ್ತಿದ್ದರು, ಅಷ್ಟೇ.

ಬೇಸಿಗೆಯಲ್ಲಿ ಹೊಳೆ ಒಣಗಿದಾಗ ಅದರ ಮರಳಿನ ಮೇಲೆ ಬಾಳವ್ವ ಕಲ್ಲಂಗಡಿ ಬೆಳೆಯುತ್ತಿದ್ದಳು. ಮೇಲಿನ ಅಣೆಕಟ್ಟಿನವರು ಕೆಳಗಿನ ಪಟ್ಟಣಗಳಿಗೆ ಕುಡಿಯುವ ನೀರು ಬಿಟ್ಟರೆ, ಒಣ ಹೊಳೆಯಲ್ಲಿ ಏಕಾಏಕಿ ನೀರು ನುಗ್ಗುತ್ತಿತ್ತು. ಹಿಂದಿನ ವರ್ಷ ಅವಳ ಎರಡು ಎಮ್ಮೆ ಹೀಗೇ ಕೊಚ್ಚಿಹೋಗಿದ್ದವು.

ಆಮೇಲೆ ಇಂಜಿನಿಯರಿಂಗ್ ಕಾಲೇಜಿನ ಹುಡುಗಿಯರು ಬಂದು ಮೇಲಿನ ತಿರುವಿನಲ್ಲಿ ನೀರಿನ ಮಟ್ಟ ಅಳೆಯುವ ಪೆಟ್ಟಿಗೆಯೊಂದನ್ನು ನಿಲ್ಲಿಸಿದರು. ಅದು ತನ್ನ ಅಳತೆಯನ್ನು ವೈಫೈಯಲ್ಲಿ ಗಾಳಿಗೆ ಎಸೆಯುತ್ತದೆ. ಆಶ್ರಮದ ಲ್ಯಾಪ್‌ಟಾಪ್ ಅದನ್ನು ಹಿಡಿದು, ನೀರು ಏರಿದ ಕೂಡಲೇ ಸೈರನ್ ಕೂಗಿಸಬೇಕು. ಮರಳಿನಿಂದ ದಂಡೆ ಹತ್ತಲು ಕಾಲು ಗಂಟೆ ಸಿಗುತ್ತದೆ.

ಲ್ಯಾಪ್‌ಟಾಪು ಯಾವುದೋ ಕಚೇರಿ ಹತ್ತು ವರ್ಷ ದುಡಿಸಿಕೊಂಡು ಕೊಟ್ಟದ್ದು. ಇಟ್ಟಿಗೆಯಷ್ಟು ಭಾರ. ವಿದ್ಯಾಧರ ಅದರಲ್ಲಿದ್ದುದನ್ನೆಲ್ಲ ಅಳಿಸಿ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ. ಅದರ ಒಂದೊಂದು ಸಾಲೂ ತೆರೆದಿಟ್ಟದ್ದು, ಬೇಕಾದವರು ಓದಿಕೊಳ್ಳಬಹುದು. ಪರದೆ ಬೆಳಗಿತು. ಕೀಲಿಮಣೆ ಒಪ್ಪಿತು. ಧ್ವನಿ ಬಂತು. ವೈಫೈ ಮಾತ್ರ ಏಳಲಿಲ್ಲ.

"ಯಾಕ?" ಎಂದರು ತಾಯಿ.

"ಒಳಗಿನ ವೈಫೈ ಕಾರ್ಡಿಗೆ ಅದನ್ನು ಮಾಡಿದ ಕಂಪನಿಯದೇ ಒಂದು ಫೈಲು ಬೇಕು. ಹುಡುಗಿಯರು ಪೆನ್‌ಡ್ರೈವಿನಲ್ಲಿ ಕೊಟ್ಟುಹೋಗಿದ್ದಾರೆ. ಆದರೆ ಮುಚ್ಚಿದ ಫೈಲು ತಾಯಿ. ಅದರೊಳಗೆ ಏನಿದೆಯೋ ಯಾರೂ ಓದುವ ಹಾಗಿಲ್ಲ."

"ಹಾಕಾಕ ಎಷ್ಟೊತ್ತು?"

"ಐದು ನಿಮಿಷ. ನಾನು ಹಾಕುವುದಿಲ್ಲ. ಅಂಥ ಫೈಲು ಬೇಡದ ಕಾರ್ಡು ಇದೆ. ತರಿಸುತ್ತಿದ್ದೇನೆ."

"ಬಾಳವ್ವ ಕೇಳಿದ್ರ ಏನನ್ಲಿ?"

"ಒಂಬತ್ತು ದಿನ ಅನ್ನಿ."

ಆ ಒಂಬತ್ತು ದಿನವೂ ಬಾಳವ್ವ ಎರಡು ಕಳೆ ಕಿತ್ತರೆ ಒಮ್ಮೆ ತಲೆಯೆತ್ತಿ ಮೇಲಿನ ತಿರುವನ್ನು ನೋಡುತ್ತಿದ್ದಳು. ನೀರು ಕುಡಿಯಲು ಆಶ್ರಮಕ್ಕೆ ಬಂದರೆ ಕಿಟಕಿಯಲ್ಲಿ ಇಣುಕುತ್ತಿದ್ದಳು.

"ಸಣ್ಣ ಸ್ವಾಮ್ಯಾರ, ನಿಮ್ಮ ಡಬ್ಬಿ ಮಾತಾಡ್ತೇನು?"

"ಇನ್ನೂ ಇಲ್ಲ."

"ಇರಲಿ ಬಿಡ್ರಿ. ನಮ್ಮ ಮನಿಯಾವರೂ ಹತ್ತು ವರ್ಷದಿಂದ ಮಾತಾಡಿಲ್ಲ. ಸಂಸಾರ ನಡದೈತಿ."

ಹೊಸ ಕಾರ್ಡು ಬಂತು. ವಿದ್ಯಾಧರ ಲ್ಯಾಪ್‌ಟಾಪನ್ನು ಬೋರಲು ಹಾಕಿ, ತಿರುಪು ಬಿಚ್ಚಿ, ಹಳೆಯ ಕಾರ್ಡು ತೆಗೆದು ಹೊಸದನ್ನು ಕೂರಿಸಿದ. ಗುಂಡಿ ಒತ್ತಿದ. ಕಪ್ಪು ಪರದೆಯ ಮೇಲೆ ಒಂದೇ ಒಂದು ಬಿಳಿ ಸಾಲು ಮೂಡಿ ನಿಂತಿತು.

"ಏನಂತೈತಿ?" ಎಂದರು ತಾಯಿ.

"ಈ ಕಾರ್ಡಿಗೆ ಅನುಮತಿ ಇಲ್ಲ, ತೆಗೆಯಿರಿ ಅನ್ನುತ್ತಿದೆ. ಕಚೇರಿಗಳಿಗೆಂದೇ ಮಾಡಿದ ಯಂತ್ರ ನೋಡಿ, ಯಾವ ಯಾವ ಕಾರ್ಡು ಸೇರಿಸಬಹುದೆಂದು ಪಟ್ಟಿ ಬರೆದಿಟ್ಟಿದ್ದಾರೆ. ಪಟ್ಟಿಯಲ್ಲಿ ಇಲ್ಲದ್ದು ಕಂಡರೆ ಹೊಸ್ತಿಲಲ್ಲೇ ನಿಂತುಬಿಡುತ್ತದೆ."

ತಾಯಿ ನಕ್ಕರು. "ನಿನಗೂ ಒಬ್ಬ ಶಿಷ್ಯ ಸಿಕ್ಕ ಬಿಡು. ಇದೂ ಮಡಿ ಹಿಡದೈತಿ."

ವಿದ್ಯಾಧರ ನಗಲಿಲ್ಲ.

"ಆ ಪಟ್ಟಿ ಎಲ್ಲಿ ಬರದಾರ?"

"ಗುಂಡಿ ಒತ್ತಿದಾಗ ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶವೊಂದಿದೆ, ಅದರಲ್ಲಿ."

"ಅದನ್ನ ನೀ ಓದೀಯೇನು?"

"ಇಲ್ಲ. ಅದೂ ಮುಚ್ಚಿದ್ದೇ." ಆಮೇಲೆ ಗಟ್ಟಿಯಾಗಿ ಹೇಳಿದ, "ಹಾಗಾದರೆ ಅದನ್ನೂ ಕಿತ್ತು ಬೇರೆ ಹಾಕುತ್ತೇನೆ. ಒಂದು ತಿಂಗಳು ಹಿಡಿದೀತು."

ಸಂಜೆ ಬಾಳವ್ವ ಸುದ್ದಿ ತಂದಳು. "ನಾಳೆ ನೀರು ಬಿಡ್ತಾರಂತ. ಯಾವಾಗ ಅಂತ ಹೇಳೂದಿಲ್ಲ."

"ಹಾಗಾದರೆ ನಾಳೆ ಮರಳಿಗೆ ಇಳಿಯಬೇಡ," ಎಂದ ವಿದ್ಯಾಧರ.

"ಹಣ್ಣು ಬಲತಾವ್ರಿ. ನಾ ಕೊಯ್ಯದಿದ್ರ ಹೊಳಿ ಕೊಯ್ತೈತಿ."

ಮರುದಿನ ಬೆಳಿಗ್ಗೆ ತಾಯಿಯ ಚಾಪೆ ಖಾಲಿಯಿತ್ತು. ವಿದ್ಯಾಧರ ಕಿಟಕಿಯಿಂದ ನೋಡಿದ. ಒಣ ಹೊಳೆಯ ನಟ್ಟನಡುವೆ, ಬಾಳವ್ವನ ಬಳ್ಳಿಗಳ ಆಚೆ, ತಾಯಿ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದರು. ಮುಖ ಮೇಲಿನ ತಿರುವಿನ ಕಡೆಗೆ.

ಎಪ್ಪತ್ತಾರು ವರ್ಷ. ಎರಡೂ ಮೊಣಕಾಲು ಹಿಡಿದಿದ್ದವು. ಬಾಳವ್ವನ ಹೆಗಲು ಹಿಡಿದು ಹೇಗೋ ಇಳಿದಿದ್ದರು. ಅವರು ದಂಡೆ ಹತ್ತಬೇಕೆಂದರೆ ಇಬ್ಬರು ಎತ್ತಬೇಕು.

ಅವನು ಓಡಿದ. "ತಾಯಿ, ಇಲ್ಲೇನು ಮಾಡುತ್ತಿದ್ದೀರಿ?"

"ನೀರು ಕಾಯಾಕತ್ತೀನಿ. ನಿಂದು ಒಂದು ತಿಂಗಳಂದಿ. ಅಲ್ಲೀತನಕ ಯಾರರ ಕಾಯಬೇಕಲ್ಲ."

"ನೀರು ಬಂದರೆ ನಿಮಗೆ ಓಡಲಾಗುವುದಿಲ್ಲ."

"ಆಗೂದಿಲ್ಲ."

"ಏಳಿ. ನಾನು ಕೂರುತ್ತೇನೆ."

"ನೀ ಇಲ್ಲಿ ಕುಂತ್ರ ಡಬ್ಬಿ ಯಾರು ನೋಡ್ತಾರ?"

ಬಾಳವ್ವ ಬಗ್ಗಿದ ಬೆನ್ನು ಎತ್ತದೆ ಅಂದಳು, "ಬಂದದ್ದು ಬಂದೀರಿ. ಒಂದು ಬುಟ್ಟಿ ಹೊತ್ಕೊಂಡು ಹೋಗ್ರಿ ಸ್ವಾಮ್ಯಾರ."

ಅವನು ಬುಟ್ಟಿ ಹೊತ್ತು ದಂಡೆ ಹತ್ತಿದ. ಮೆಟ್ಟಿಲ ಬಳಿ ಇಳಿಸಿದ. ಹಿಂತಿರುಗಿ ನೋಡಿದರೆ ಅಷ್ಟು ದೊಡ್ಡ ಹೊಳೆಯಲ್ಲಿ ತಾಯಿ ಒಂದು ಕಾವಿಯ ಚುಕ್ಕೆ.

ಒಳಗೆ ಹೋಗಿ ಲ್ಯಾಪ್‌ಟಾಪಿನ ತಿರುಪು ಬಿಚ್ಚಿದ. ಹೊಸ ಕಾರ್ಡು ಕಿತ್ತು ಹಳೆಯದನ್ನೇ ಮತ್ತೆ ಕೂರಿಸಿದ. ಪೆನ್‌ಡ್ರೈವ್ ಚುಚ್ಚಿದ. ಬೆರಳು ಒಂದು ಕ್ಷಣ ಕೀಲಿಯ ಮೇಲೆ ನಿಂತಿತು. ಆಮೇಲೆ ಒತ್ತಿತು.

ಯಂತ್ರ ಮಲಗಿ ಎದ್ದಿತು. ಪರದೆಯ ಮೇಲೆ ನೀರಿನ ಮಟ್ಟ ಬಂತು, ಸೊನ್ನೆ. ಬಹಳ ಹೊತ್ತು ಸೊನ್ನೆಯೇ ಇತ್ತು. ಅವನು ಕಣ್ಣು ಕೀಳದೆ ಕೂತ.

ಮಧ್ಯಾಹ್ನದ ಹೊತ್ತಿಗೆ ಸೊನ್ನೆ ಹನ್ನೊಂದಾಯಿತು. ನಲವತ್ತಾಯಿತು. ತೊಂಬತ್ತಾಯಿತು. ಸೈರನ್ ಕೂಗಿತು. ಅದು ನಿಲ್ಲುವ ಹೊತ್ತಿಗೆ ಅವನು ಅರ್ಧ ಮರಳು ದಾಟಿದ್ದ.

ಬಾಳವ್ವ ಒಂದು ಕಡೆ, ಅವನು ಒಂದು ಕಡೆ. ಕೈಗೆ ಕೈ ಹೆಣೆದು ತಾಯಿಯನ್ನು ಅದರ ಮೇಲೆ ಕೂರಿಸಿಕೊಂಡು ನಡೆದರು. ಮೇಲಿನ ಮೆಟ್ಟಿಲಲ್ಲಿ ಅವರನ್ನು ಇಳಿಸಿ ತಿರುಗಿದಾಗ ಬಳ್ಳಿಗಳು ನೀರಡಿ ಇದ್ದವು. ಕೊಯ್ಯದೆ ಬಿಟ್ಟ ಹಣ್ಣುಗಳು ಹಸಿರು ತಲೆ ತೇಲಿಸಿಕೊಂಡು ಹೋಗುತ್ತಿದ್ದವು.

"ಅರ್ಧ ಉಳೀತು," ಎಂದಳು ಬಾಳವ್ವ. ಅಲ್ಲೇ ಕೂತು ಒಂದು ಹಣ್ಣು ಒಡೆದು ಇಬ್ಬರಿಗೂ ಕೊಟ್ಟಳು.

ವಿದ್ಯಾಧರ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

"ತಾಯಿ, ನನ್ನ ಕೈಯಾರೆ ಹಾಕಿದೆ. ಅದರೊಳಗೆ ಏನಿದೆಯೋ ಈಗಲೂ ನನಗೆ ಗೊತ್ತಿಲ್ಲ. ನನ್ನ ವ್ರತ ಕೆಟ್ಟಿತೆ?"

ತಾಯಿ ಅವನನ್ನು ಹತ್ತಿರಕ್ಕೆ ಕರೆದು, ತಮ್ಮ ಬಲಗಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಹಿಡಿದರು.

"ಇದರಾಗ ನೋಡು. ಪೊರಿ ತಗದು ಒಂದು ಹರಳು ಇಟ್ಟಾರ. ಯಾರು ಮಾಡಿದ್ದೋ, ಎಲ್ಲಿ ಮಾಡಿದ್ದೋ, ನಾ ಕೇಳಿಲ್ಲ. ನಾಕು ವರ್ಷದಿಂದ ನಿನ್ನ ಮಡಿ ನೋಡಾಕತ್ತಿದ್ದು ಇದರಾಗಿಂದನ."