ಒಂದೇ ತುತ್ತು ಮೇವು

ಬೇಸಿಗೆ ಬಂತೆಂದರೆ ಕೊಟ್ಟಿಗೆಯ ಹಳೆಯ ಗೋದಲಿಗೆ ಸಂಕಟ. ನಡುಮಧ್ಯಾಹ್ನ ತಿಪ್ಪವ್ವ ಅದರ ತುಂಬ ಒಣಮೇವು ಹಾಕುತ್ತಾಳೆ. ಹೋರಿ ಮೂಸಿಯೂ ನೋಡುವುದಿಲ್ಲ.

“ಚಳಿಗಾಲದಲ್ಲಿ ನನ್ನ ತಳ ನೆಕ್ಕುತ್ತಿದ್ದೆಯಲ್ಲ ತಮ್ಮಾ, ಈಗೇಕೆ ಈ ಮುನಿಸು?” ಎಂದು ಗೋದಲಿ ಕೇಳಿತು.

“ಮುನಿಸಲ್ಲ ಅಕ್ಕಾ. ನನ್ನ ಹೊಟ್ಟೆ ಒಂದು ಒಲೆ, ಮೇವು ಅದರ ಸೌದೆ. ಚಳಿಯಲ್ಲಿ ಎಷ್ಟು ಉರಿಸಿದರೂ ಹಿತ. ಈಗ ಹೊರಗೂ ಬೆಂಕಿ, ಒಳಗೂ ಬೆಂಕಿಯಾದರೆ ತಾಳಲಾರೆ. ಹೊತ್ತು ಇಳಿದ ಮೇಲೆ ಎಲ್ಲ ತಿನ್ನುತ್ತೇನೆ.”

“ನಾನೇನೋ ಕಾಯುತ್ತೇನೆ. ಬಾಗಿಲಲ್ಲಿ ಕೂತವಳನ್ನು ನೋಡು. ದನ ಬಾಯಿ ಹಾಕದೆ ತಾನು ಉಣ್ಣಬಾರದೆಂಬುದು ಅವಳ ನೇಮ. ಮೂರು ದಿನದಿಂದ ಮಧ್ಯಾಹ್ನ ರೊಟ್ಟಿ ಮುಟ್ಟಿಲ್ಲ.”

ಹೋರಿ ತಿರುಗಿ ನೋಡಿತು. ತಿಪ್ಪವ್ವ ಮೊರ ಹಿಡಿದು ಅದರ ಕಡೆಗೇ ಗಾಳಿ ಬೀಸುತ್ತ ಕೂತಿದ್ದಳು. ಹೋರಿ ಎದ್ದು ಬಂದು ಒಂದೇ ತುತ್ತು ಮೇವು ಎಳೆದುಕೊಂಡು, ಅವಳಿಗೆ ಕಾಣುವಂತೆ ನಿಧಾನವಾಗಿ ಅಗಿಯಿತು.

“ಅಂತೂ ಬಾಯಿ ಹಾಕಿದೆಯಾ ನನ್ನಪ್ಪಾ,” ಎಂದು ತಿಪ್ಪವ್ವ ಮೊರ ಕೆಳಗಿಟ್ಟು ಉಣ್ಣಲು ಒಳಗೆ ಹೋದಳು.

“ಈ ಬಿಸಿಲಲ್ಲಿ ತಿಂದೆಯಲ್ಲ, ಹೊಟ್ಟೆ ಉರಿಯುತ್ತಿಲ್ಲವೇ?” ಎಂದಿತು ಗೋದಲಿ.

“ಇಲ್ಲ ಅಕ್ಕಾ. ಆ ತುತ್ತು ಹೋದದ್ದು ಅವಳ ಹೊಟ್ಟೆಗೆ.”